ಮಗ್ಗದ ಮುಂದೆ ಬಾಯಿ ಮುಚ್ಚಿದ ಫೋನು

ನೇಕಾರರ ಸಂಘದ ಕಾರ್ಯದರ್ಶಿ ಮೇಜಿನ ಮೇಲೆ ಸೀರೆ ಬಿಡಿಸಿ ಹಾಕಿದಾಗ ನನಗೆ ಮೊದಲು ಏನೂ ಕಾಣಲಿಲ್ಲ. ಎಲೆಹಸಿರು ಒಡಲು, ಕುಂಕುಮ ಬಣ್ಣದ ಅಂಚು, ಒಡಲ ತುಂಬ ಉಗುರಿನಷ್ಟು ಚಿಕ್ಕ ಜರಿ ಬುಟ್ಟಾ. ಚೆನ್ನಾಗಿದೆಯಲ್ಲ ಎಂದೆ. ಅವರು ಸೀರೆಯನ್ನು ಅಂಗಡಿಯಲ್ಲಿ ಮಡಿಸುವ ಹಾಗೆ ಮಡಿಸಿದರು. ಮಡಿಕೆಯ ಮೇಲೆ ಮಡಿಕೆ ಬಿದ್ದಾಗ ಬುಟ್ಟಾದ ಮೇಲೆ ಬುಟ್ಟಾ ಕೂರಬೇಕು. ಒಂದು ಕಡೆಯಿಂದ ಮುಂದಕ್ಕೆ ಅವು ಕೂರಲಿಲ್ಲ. ಒಂದು ಗೋಧಿ ಕಾಳಿನ ಅಗಲದಷ್ಟು ಜಾರಿದ್ದವು.

“ಹನ್ನೆರಡು ಎಳೆ ಜಾಸ್ತಿ ಬಿದ್ದೈತೆ ಮೇಡಂ,” ಎಂದರು ಕಾರ್ಯದರ್ಶಿ. “ಇಪ್ಪತ್ತೆಂಟು ವರ್ಷದಾಗೆ ಇದನ್ನ ನೇಯ್ದ ಆಯಮ್ಮನ ಸೀರೆ ಬ್ಯಾಡ ಅಂತ ಪಕ್ಕಕ್ಕಿಟ್ಟಿದ್ದು ಇದೇ ಮೊದಲು. ಯಾಕಮ್ಮ ಹಿಂಗಾತು ಅಂದ್ರೆ, ಫೋನು ಎಣಿಕೆ ತಪ್ಪಿಸ್ತು ಅಂತಾರೆ.”

ಫೋನು ಎಂದರೆ ನಾನು ಮಾಡಿದ ಆ್ಯಪ್. ಬೆಂಗಳೂರಿನ ಒಂದು ಸಂಸ್ಥೆಯ ಗುತ್ತಿಗೆಯ ಮೇಲೆ, ಚಳ್ಳಕೆರೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು, ಮೊಳಕಾಲ್ಮುರಿನ ಈ ಸಂಘದ ನಲವತ್ತು ಮಗ್ಗಗಳಿಗಾಗಿ ಕಟ್ಟಿದ್ದು. ಅದು ಹುಟ್ಟಿದ್ದಕ್ಕೆ ಒಳ್ಳೆಯ ಕಾರಣವೇ ಇತ್ತು. ಸಂಘಕ್ಕೆ ರೇಷ್ಮೆ ನೂಲು ಯಾವತ್ತು ಬರುತ್ತದೆಂದು ಯಾರಿಗೂ ಮುಂಚಿತವಾಗಿ ತಿಳಿಯುತ್ತಿರಲಿಲ್ಲ. ಕೊಂಡ್ಲಹಳ್ಳಿ ಕಡೆಯ ನೇಕಾರರು ಬಸ್ಸು ಹತ್ತಿ ಬಂದು, ಬಾಗಿಲಲ್ಲೇ ಇಲ್ಲ ಎನ್ನಿಸಿಕೊಂಡು, ಮತ್ತೆ ಬಸ್ಸಿಗೆ ಕಾದು ಮನೆ ಸೇರುವಷ್ಟರಲ್ಲಿ ಒಂದು ದಿನ ಮಣ್ಣುಪಾಲು. ಆ ದಿನವನ್ನು ಉಳಿಸಿಕೊಡುವುದು ನನ್ನ ಕೆಲಸ. ನೂಲು ಬಂತೇ, ಇಲ್ಲವೇ, ಯಾವ ಬಣ್ಣ, ಯಾರ ಮಗ್ಗಕ್ಕೆ ಯಾವ ವಿನ್ಯಾಸ, ಇಷ್ಟು ಹೇಳಿದರೆ ಮುಗಿಯಿತು. ಮೊದಲ ಎರಡು ತಿಂಗಳು ಅದು ಅಷ್ಟನ್ನೇ ಹೇಳಿತು, ಯಾರೂ ಬೈಯಲಿಲ್ಲ.

ಆಮೇಲೆ ಬೆಂಗಳೂರಿನಿಂದ ಯೋಜನಾ ಮುಖ್ಯಸ್ಥರು ವಿಡಿಯೋ ಕರೆಯಲ್ಲಿ ಒಂದು ಪ್ರಶ್ನೆ ಕೇಳಿದರು. ಒಬ್ಬ ನೇಕಾರ ದಿನಕ್ಕೆ ಎಷ್ಟು ಸಲ ಆ್ಯಪ್ ತೆರೆಯುತ್ತಾನೆ? ಒಂದು ಸಲ, ಕೆಲವರು ಎರಡು ದಿನಕ್ಕೊಮ್ಮೆ ಎಂದೆ. “ಅಷ್ಟೇನಾ? ಹಣ ಕೊಡುವವರು ಇದನ್ನು ನೋಡಿದರೆ ಯಾರೂ ಬಳಸುತ್ತಿಲ್ಲ ಅಂದುಕೊಳ್ತಾರೆ,” ಎಂದರು. ಒಂದು ಸಲ ನೋಡಿದರೆ ಸಾಕಾಗುವಂತೆ ನಾನೇ ಮಾಡಿದ್ದೆ. ಅದನ್ನು ಹೇಳಿದೆ. ಅವರಿಗೆ ಆರು ಸಲ ಬೇಕಿತ್ತು.

ಹಾಗೆ ಗಂಟೆಗಳು, ಅಂದರೆ ಫೋನು ಸದ್ದು ಮಾಡಿ ನೆನಪಿಸುವ ಕರೆಗಳು, ಹುಟ್ಟಿದವು. ಬೆಳಿಗ್ಗೆ ಒಂದು: ಇವತ್ತು ಎಷ್ಟು ಇಂಚು ನೇಯಬೇಕು. ಹತ್ತು ಗಂಟೆಗೆ ಒಂದು: ಎಷ್ಟಾಯಿತು, ಒತ್ತಿ ತಿಳಿಸಿ. ಮಧ್ಯಾಹ್ನ ಒಂದು, ಮೂರಕ್ಕೆ ಒಂದು, ಐದಕ್ಕೆ ಒಂದು, ಸತತವಾಗಿ ಉತ್ತರ ಕೊಟ್ಟವರಿಗೆ ನಕ್ಷತ್ರ. ಕೊನೆಗೊಂದು: ನಿಮ್ಮ ಪಕ್ಕದ ಮಗ್ಗ ನಿಮಗಿಂತ ಮುಂದಿದೆ. ಇದು ಬೇಡ ಎಂದು ಗೊಣಗಿದೆ, ಗೊಣಗುತ್ತಲೇ ಮಾಡಿಕೊಟ್ಟೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಆಡಿಕೊಳ್ಳುತ್ತಾರೆ, ಆದರೆ ಬರಬೇಕಾದ ದಿನ ಅದು ಬರಲಿಲ್ಲ.

ಇಷ್ಟರ ಮೇಲೆ ನನ್ನ ಸ್ವಂತ ಬುದ್ಧಿವಂತಿಕೆಯೂ ಸೇರಿತು. ನೇಯುವವರ ಕೈಗೆ ಬಿಡುವಿರುವುದಿಲ್ಲ, ಪರದೆ ಓದುವುದು ಕಷ್ಟ, ಹಾಗಾಗಿ ಫೋನೇ ಬಾಯಿಬಿಟ್ಟು ಹೇಳಲಿ ಎಂದು ಧ್ವನಿ ಸೇರಿಸಿದೆ. ಆ ಕೇರಿಯ ಬಹುಪಾಲು ಮನೆಗಳಲ್ಲಿ ಒಳಗಿನ ಮಾತು ತೆಲುಗು, ಎಳೆ ಎಣಿಸುವುದೂ ತೆಲುಗಿನಲ್ಲಿ. ಅಂಕಿಗಳು ಅವರ ಬಾಯಿಯ ಹಾಗೇ ಇರಲಿ ಎಂದು ಅದೇ ಕೇರಿಯ ಒಬ್ಬ ಶಿಕ್ಷಕಿಯನ್ನು ಕೂರಿಸಿಕೊಂಡು ಒಂದರಿಂದ ನೂರರವರೆಗೆ ಓದಿಸಿ, ಎರಡು ವಾರ ಕೂತು ಜೋಡಿಸಿದೆ. ಬೆಂಗಳೂರಿನವರು ಮೆಚ್ಚಿಕೊಂಡರು. ನಾನೂ ಬೀಗಿದೆ.

ಸೀರೆ ನೋಡಿದ ಆ ದಿನವೇ, ಅದನ್ನು ನೇಯ್ದಾಕೆಯ ಮನೆಗೆ ನಡೆದು ಹೋದೆ. ಬಾಗಿಲು ತೆರೆದಿತ್ತು. ಒಳಗೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದರು, ಐವತ್ತು ದಾಟಿದ ಹೆಂಗಸು. ಹೊಸ್ತಿಲಲ್ಲಿ ನಿಂತು “ಅಕ್ಕಾ” ಎಂದೆ. ಅವರು ತಿರುಗಲಿಲ್ಲ. ಪಕ್ಕದಲ್ಲಿ ರಾಟೆ ಹಿಡಿದು ಕಂಡಿಕೆಗೆ ನೂಲು ಸುತ್ತುತ್ತಿದ್ದ ಸೊಸೆ ತುಟಿಯ ಮೇಲೆ ಬೆರಳಿಟ್ಟು, ಕಟ್ಟೆಯ ಕಡೆ ಕಣ್ಣು ತೋರಿಸಿದಳು. ಕಟ್ಟೆಯ ಮೇಲೆ ಆಗಲೇ ಒಬ್ಬರು ಕೂತಿದ್ದರು. ಅವರ ಬೀಗರಂತೆ, ರಾಯದುರ್ಗದಿಂದ ಬಂದವರು. ಅವರೂ ಸುಮ್ಮನಿದ್ದರು. ಬುಟ್ಟಾ ಮುಗಿದು ಲಾಳಿ ಕೆಳಗಿಡುವ ತನಕ ಹೊರಗಿನವರು ಮಾತಾಡಿಸುವುದಿಲ್ಲ ಎನ್ನುವುದು ಅಲ್ಲಿ ಯಾರೂ ಯಾರಿಗೂ ಹೇಳಿಕೊಡದ ಪದ್ಧತಿ. ಆರು ತಿಂಗಳಿಂದ ಈ ಕೇರಿಗೆ ಬಂದು ಹೋಗುತ್ತಿದ್ದ ನಾನು ಹೋಗುತ್ತಿದ್ದದ್ದು ಸಂಘದ ಕೋಣೆಗೆ, ಮಗ್ಗದ ಮನೆಗಲ್ಲ. ನನಗೆ ಇದು ಗೊತ್ತೇ ಇರಲಿಲ್ಲ.

ಸುಮಾರು ಇಪ್ಪತ್ತು ನಿಮಿಷ ಕೂತೆವು. ಲಾಳಿ ಕೆಳಗಿಟ್ಟ ಮೇಲೆ ಆಕೆ ಬೀಗರಿಗೆ ನೀರು ಕೊಡಿಸಿದರು, ಆಮೇಲೆ ನನ್ನ ಕಡೆ ತಿರುಗಿದರು.

“ಕೂತ್ಕಾ ಅಮ್ಮಾಯಿ. ಸೀರೆ ನೋಡಿದ್ಯಾ?”

“ನೋಡಿದೆ ಅಕ್ಕ. ಹೆಂಗಾತು?”

“ಒಂದು ಬುಟ್ಟಾಕ್ಕೂ ಇನ್ನೊಂದಕ್ಕೂ ನಡುವೆ ನಲವತ್ತು ಎಳೆ ಖಾಲಿ ಹೋಗ್ಬೇಕು. ಬಾಯಾಗೆ ಎಣಿಸ್ತೀನಿ. ಇರವೈ ಏಡು ಅಂದೆ. ಅಷ್ಟೊತ್ತಿಗೆ ನಿನ್ ಫೋನು, ಪದಿಹೇನು ಅಂಗುಳಾಲು, ಅಂತು. ನಾನು ಪದಹಾರು ಅಂದ್ಕಂಡು ಮುಂದಕ್ಕೋದೆ.”

ಇಪ್ಪತ್ತೇಳರಲ್ಲಿದ್ದವರು, ಫೋನು ಹದಿನೈದು ಇಂಚು ಎಂದದ್ದರ ಹದಿನೈದನ್ನು ಹಿಡಿದು ಹದಿನಾರಕ್ಕೆ ಹೋಗಿದ್ದರು. ಕನ್ನಡದಲ್ಲಿ ಹೇಳಿದ್ದರೆ ಬೀದಿಯ ಸದ್ದಿನ ಹಾಗೆ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತೋ ಏನೋ. ಎರಡು ವಾರ ಕೂತು, ಅವರದೇ ಭಾಷೆಯ ಅಂಕಿಯನ್ನು ಅವರದೇ ಕೇರಿಯ ದನಿಯಲ್ಲಿ ನೇರವಾಗಿ ಎಣಿಕೆಯೊಳಕ್ಕೆ ನುಗ್ಗಿಸಿದವಳು ನಾನು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಆರು ಸಲ ಬೇಕು ಎಂದವರ ಮೇಲೆ ಅರ್ಧ, ತಲೆ ಆಡಿಸಿದ ನನ್ನ ಮೇಲೆ ಅರ್ಧ.

“ಫೋನು ಬಂದ್ ಮಾಡಿ ಇಡಬೋದಿತ್ತಲ್ಲಕ್ಕ?”

“ಇಟ್ಟಿದ್ದೆ ಒಂದಿನ. ಸಂಘದಿಂದ ಮಾತು ಬಂತು, ನಿಮ್ ಮಗ್ಗ ಉತ್ತರ ಕೊಡ್ತಿಲ್ಲ ಅಂತ. ನಾನು ಉತ್ತರ ಕೊಡಾಕೆ ಕೂತಿದ್ದೀನಾ, ನೇಯಾಕೆ ಕೂತಿದ್ದೀನಾ?”

ಅವರ ದನಿ ಏರಲಿಲ್ಲ. ಆದರೆ ಆ ಸೀರೆ ಪಕ್ಕಕ್ಕೆ ಹೋದದ್ದರಿಂದ ಆಕೆಗೆ ಎಷ್ಟು ನೋವಾಗಿದೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಸಂಘದಲ್ಲಿ ಅವರ ಸೀರೆಯನ್ನು ಬಿಡಿಸಿ ನೋಡದೆಯೇ ತೆಗೆದುಕೊಳ್ಳುತ್ತಿದ್ದರು. ಈಗ ಬಿಡಿಸಿ ನೋಡುತ್ತಾರೆ. ಮಗ್ಗದ ಹೊತ್ತನ್ನು ಅವರಿಗೆ ವಾಪಸ್ಸು ಕೊಡದೆ ನಾನು ಆ ಕೇರಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿರಲಿಲ್ಲ.

ಮೊದಲು ಗಂಟೆಯ ಹೊತ್ತು ಬದಲಿಸಿ ನೋಡಿದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಎರಡರಿಂದ ಐದು ಫೋನು ಸುಮ್ಮನಿರಲಿ ಎಂದೆ. ಒಂದು ವಾರ ಬೇರೆ ಬೇರೆ ಮನೆಗಳ ಕಟ್ಟೆಯ ಮೇಲೆ ಕೂತು, ಯಾರು ಯಾವಾಗ ಲಾಳಿ ಹಿಡಿಯುತ್ತಾರೆ, ಯಾವಾಗ ಇಡುತ್ತಾರೆ ಎಂದು ಬರೆದುಕೊಂಡೆ. ಎರಡು ಮಗ್ಗಗಳ ಹೊತ್ತು ಒಂದೇ ಆಗಿರಲಿಲ್ಲ. ನೀರು ಬಿಟ್ಟ ದಿನ ಎಲ್ಲರೂ ಬೆಳಿಗ್ಗೆ ಕೊಡ ಹಿಡಿದಿರುತ್ತಿದ್ದರು, ಹೊಸ ಹಾಸು ಜೋಡಿಸುವ ದಿನ ಇಡೀ ಮನೆಯೇ ಎಳೆ ಕಟ್ಟುತ್ತಾ ಕೂರುತ್ತಿತ್ತು. ನಾನು ಸುಮ್ಮನಿರು ಎಂದ ಹೊತ್ತಿನಲ್ಲಿ ಅವರು ಊಟ ಮಾಡುತ್ತಿದ್ದರು, ಮಾತಾಡು ಎಂದ ಹೊತ್ತಿನಲ್ಲಿ ಸೆರಗು ನೇಯುತ್ತಿದ್ದರು.

ಎರಡನೆಯದು, ಸದ್ದು ತೆಗೆದು ನಡುಕ ಮಾತ್ರ ಇಟ್ಟೆ. ಇದು ಇನ್ನೂ ಕೆಟ್ಟಿತು. ಫೋನನ್ನು ಅವರು ಮಗ್ಗದ ಮರದ ಚೌಕಟ್ಟಿನ ಮೇಲೆ ಇಡುತ್ತಾರೆ. ಅದು ಗುರ್ ಎಂದರೆ ಮರದಲ್ಲಿ ಹರಿದು ನೇರ ಕೈಗೇ ಬರುತ್ತದೆ. “ಮಗ್ಗದಾಗೆ ಜೇನು ಕೂತಂಗೈತೆ,” ಎಂದು ಪಕ್ಕದ ಮನೆಯ ನೇಕಾರ ನಕ್ಕ.

ಮೂರನೆಯದು ನನ್ನ ಪ್ರಕಾರ ಅದ್ಭುತ ಉಪಾಯ. ಫೋನಿನ ಮೈಕು ಮಗ್ಗದ ಸದ್ದನ್ನು ಕೇಳಿಸಿಕೊಳ್ಳುತ್ತಿರಲಿ, ಸದ್ದು ಎರಡು ನಿಮಿಷ ನಿಂತರೆ ಆಗ ಮಾತ್ರ ಮಾತಾಡಲಿ. ಬೀಗರು ಕಟ್ಟೆಯ ಮೇಲೆ ಕಾದ ಹಾಗೆಯೇ ಫೋನೂ ಕಾಯುತ್ತದೆ. ಮೂರು ದಿನದಲ್ಲಿ ಅದು ನನ್ನ ಕೋಣೆಯಲ್ಲಿ, ರೆಕಾರ್ಡು ಮಾಡಿಕೊಂಡ ಸದ್ದಿನ ಮೇಲೆ ಚೆನ್ನಾಗಿ ನಡೆಯಿತು. ಹಿಗ್ಗುತ್ತಾ ಬಸ್ಸು ಹತ್ತಿದೆ, ಬಿ.ಜಿ. ಕೆರೆ ದಾಟುವಷ್ಟರಲ್ಲಿ ಹೇಗೆ ವಿವರಿಸಬೇಕು ಎಂದು ಬಾಯಿಪಾಠ ಮಾಡಿಕೊಂಡಿದ್ದೆ.

ಆಕೆ ಪೂರ್ತಿ ಕೇಳಿದರು.

“ಅಂದ್ರೆ ದಿನಾಪೂರ್ತಿ ಅದು ನಮ್ ಮನೆ ಮಾತು ಕೇಳ್ತಾ ಕೂತಿರ್ತೈತಾ?”

“ಮಾತಲ್ಲ ಅಕ್ಕ, ಮಗ್ಗದ ಸದ್ದು ಮಾತ್ರ.”

“ಕಿವಿ ಒಂದೇ ಅಲ್ವೇನಮ್ಮ. ಮಗ್ಗಕ್ಕೊಂದು, ಸೊಸೆಗೊಂದು ಅಂತ ಬೇರೆ ಬೇರೆ ಐತಾ? ಬ್ಯಾಡ. ಬಾಯಿ ಮುಚ್ಚಿಸು ಅಂದ್ರೆ ಕಿವಿ ತೆಗ್ಸಿಕೊಂಡು ಬಂದೀಯಲ್ಲ.”

ಸೊಸೆ ರಾಟೆ ನಿಲ್ಲಿಸಿ ನಕ್ಕಳು. ನನ್ನ ಅದ್ಭುತ ಉಪಾಯದ ಮುಖಕ್ಕೆ ಮಸಿ. ಆದರೆ ಆಕೆ ಹೇಳಿದ್ದು ಸರಿ ಇತ್ತು. ಮೂರು ಸಲವೂ ನಾನು ಯೋಚಿಸಿದ್ದು ಯಾವಾಗ ಕೂಗಲಿ, ಹೇಗೆ ಕೂಗಲಿ ಎಂದೇ. ಕೂಗಲೇಬೇಕೇ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ.

“ರೇಷ್ಮೆ ಬಂದ ತಕ್ಷಣ ನಿಮಗೆ ಗೊತ್ತಾಗೋದು ಬ್ಯಾಡ್ವಾ?” ಎಂದು ಕೊನೆಯ ಪ್ರಯತ್ನ ಮಾಡಿದೆ.

“ತಕ್ಷಣ ಯಾಕ? ರೇಷ್ಮೆ ಏನು ಎದ್ದು ಓಡೋಗ್ತೈತಾ? ಬೆಳಿಗ್ಗೆ ಮಗ್ಗಕ್ಕೆ ಕೂರೋ ಮುಂದೆ ಗೊತ್ತಾದ್ರೆ ಸಾಕು. ಆಮೇಲೆ ಯಾವ ಸುದ್ದಿನೂ ಬ್ಯಾಡ.”

ಚಳ್ಳಕೆರೆಗೆ ವಾಪಸ್ಸು ಬಂದವಳು ಎಲ್ಲ ಗಂಟೆಗಳನ್ನೂ ಕಿತ್ತೆ. ಧ್ವನಿ, ನಡುಕ, ನಕ್ಷತ್ರ, ಪಕ್ಕದ ಮಗ್ಗದ ಚುಚ್ಚುಮಾತು, ಎಲ್ಲ. ಮುಂದೆ ಯಾರಾದರೂ ಒಂದು ಗುಂಡಿ ಒತ್ತಿ ಮತ್ತೆ ಶುರು ಮಾಡುವ ಹಾಗೆ ಬಿಡಲಿಲ್ಲ, ಆ ಭಾಗವನ್ನೇ ಅಳಿಸಿದೆ. ಉಳಿದದ್ದು ಒಂದೇ ಹಾಳೆ. ಫೋನು ಕೈಗೆತ್ತಿಕೊಂಡು ತೆರೆದರೆ ಇವತ್ತು ನೂಲು ಇದೆಯೋ ಇಲ್ಲವೋ ದೊಡ್ಡ ಅಕ್ಷರದಲ್ಲಿ, ಅದರ ಕೆಳಗೆ ನಿಮ್ಮ ಮಗ್ಗದ ವಿನ್ಯಾಸ, ಅದರ ಕೆಳಗೆ “ಇಷ್ಟೇ. ನಾಳೆ ಬೆಳಿಗ್ಗೆಯವರೆಗೆ ಹೊಸದೇನೂ ಇರುವುದಿಲ್ಲ” ಎಂಬ ಸಾಲು. ಪರದೆಯನ್ನು ಮೇಲಕ್ಕೆ ಉಜ್ಜಿದರೂ ಕೆಳಗೆ ಇನ್ನೇನೂ ಬರುವುದಿಲ್ಲ.

ಆ ಕೊನೆಯ ಸಾಲು ನಿಜವಾಗಬೇಕಾದರೆ ಸಂಘದವರು ಬೆಳಿಗ್ಗೆ ಏಳರೊಳಗೆ ಸುದ್ದಿ ಹಾಕಬೇಕು, ಆಮೇಲೆ ಬದಲಿಸಬಾರದು. ಮೊದಲ ವಾರವೇ ಎಡವಟ್ಟಾಯಿತು. ಕಾರ್ಯದರ್ಶಿ ಹತ್ತಕ್ಕೆ ಬಂದು, ಹತ್ತೂವರೆಗೆ ಹಾಕಿದರು. ಏಳಕ್ಕೆ ನೋಡಿದ ಕೊಂಡ್ಲಹಳ್ಳಿಯ ನೇಕಾರ ಹಿಂದಿನ ದಿನದ “ನೂಲು ಇದೆ” ಎಂಬುದನ್ನು ನಂಬಿ, ಬಂದು, ಖಾಲಿ ಕೈಯಲ್ಲಿ ಹೋದ. ಹೋಗುವ ಮುಂಚೆ ನನಗೆ ಫೋನು ಮಾಡಿ ಚೆನ್ನಾಗಿ ಮಂಗಳಾರತಿ ಎತ್ತಿದ. ಹಿಂದಿನ ದಿನದ ಸುದ್ದಿ ರಾತ್ರಿಗೇ ತಾನಾಗಿ ಅಳಿಯುವಂತೆ ತಿದ್ದಿದೆ. ಹೊಸದು ಬರದಿದ್ದರೆ ಹಾಳೆಯಲ್ಲಿ “ಸಂಘದವರು ಇನ್ನೂ ತಿಳಿಸಿಲ್ಲ” ಎಂದೇ ಬರುತ್ತಿತ್ತು.

“ಅಂದ್ರೆ ಹೆಸರು ಕೆಡೋದು ನಂದು,” ಎಂದರು ಕಾರ್ಯದರ್ಶಿ.

“ಹೌದ್ರಿ. ಇಷ್ಟು ದಿನ ನಲವತ್ತು ಜನ ನಿಮಗಾಗಿ ಕಾಯ್ತಿದ್ರು. ಇನ್ನು ನೀವೊಬ್ರು ಅರ್ಧ ಗಂಟೆ ಮುಂಚೆ ಏಳಿ.”

ಅವರಿಗೆ ಸಿಟ್ಟು ಬಂತು. ಎರಡು ದಿನ ನನ್ನ ಕರೆ ಎತ್ತಲಿಲ್ಲ. ಮೂರನೆಯ ದಿನ ಆರು ಮುಕ್ಕಾಲಿಗೆ ಸುದ್ದಿ ಹಾಕಿದ್ದರು, ಅಲ್ಲಿಂದ ಮುಂದೆ ತಪ್ಪಿಸಲಿಲ್ಲ.

ಎರಡು ತಿಂಗಳು ಶಾಂತವಾಗಿ ನಡೆಯಿತು. ಪಕ್ಕಕ್ಕಿಡುವ ಸೀರೆ ಬರಲಿಲ್ಲ ಎಂದು ಕಾರ್ಯದರ್ಶಿಯೇ ಹೇಳಿದರು. ಅದು ನನ್ನಿಂದಲೇ ಆಯಿತು ಎಂದು ಕೊಚ್ಚಿಕೊಳ್ಳುವ ಹಾಗಿಲ್ಲ, ಮೊದಲೂ ಅಂಥವು ಅಪರೂಪವೇ. ಗಂಟೆ ಕಿತ್ತದ್ದನ್ನು ನಾನು ಬೆಂಗಳೂರಿಗೆ ಆ ದಿನವೇ ಮೇಲ್‌ನಲ್ಲಿ ಬರೆದಿದ್ದೆ. ಯಾರೂ ಓದಿರಲಿಲ್ಲ. ಬಳಕೆಯ ಅಂಕಿ ಬಿದ್ದಾಗ ಓದಿದರು.

“ದಿನಕ್ಕೆ ಆರು ಇದ್ದದ್ದು ಒಂದಕ್ಕಿಂತ ಕೆಳಗೆ ಬಂದಿದೆ,” ಎಂದರು ಯೋಜನಾ ಮುಖ್ಯಸ್ಥರು. “ಇದನ್ನು ಹಣ ಕೊಡುವವರಿಗೆ ಹೇಗೆ ತೋರಿಸಲಿ?”

“ಹಾಗೇ ತೋರಿಸಿ ಸರ್. ಅವರಿಗೆ ದಿನಕ್ಕೆ ಒಂದು ನಿಮಿಷ ಸಾಕಾಗ್ತಿದೆ. ಉಳಿದ ಹೊತ್ತು ನೇಯ್ತಿದ್ದಾರೆ.”

“ನಿಮ್ಮ ಭಾವನೆ ಅರ್ಥವಾಗುತ್ತೆ. ಆದರೆ ಬಳಸದ ಆ್ಯಪ್‌ಗೆ ಯಾರೂ ದುಡ್ಡು ಕೊಡಲ್ಲ. ಒಂದನೇ ತಾರೀಖಿನಿಂದ ರಿಮೈಂಡರ್ ಶುರು ಮಾಡಿ. ಈ ಎರಡು ತಿಂಗಳಿಗೆ ತಾಂತ್ರಿಕ ದೋಷ ಅಂತ ವರದಿಯಲ್ಲಿ ಬರೆಯಿರಿ. ನಿಮ್ಮ ಗುತ್ತಿಗೆ ಮುಂದುವರಿಯೋ ಹಾಗೆ ನಾನು ನೋಡ್ಕೊಳ್ತೀನಿ.”

ಅವರು ಕೆಟ್ಟವರಲ್ಲ. ದನಿಯಲ್ಲಿ ಕಾಳಜಿಯೇ ಇತ್ತು, ಅದಕ್ಕೇ ಇನ್ನೂ ಉರಿಯಿತು. ನಾನು ಕೂಡಲೇ ಆಗಲ್ಲ ಎನ್ನಬಹುದಿತ್ತು. ಆದರೆ ಆಗಲ್ಲ ಎಂದರೆ ಆ್ಯಪ್ ಮುಚ್ಚುತ್ತದೆ, ಕೊಂಡ್ಲಹಳ್ಳಿಯವರು ಮತ್ತೆ ಸುಮ್ಮನೆ ಬಸ್ಸು ಹತ್ತಬೇಕಾದೀತು. ನನ್ನ ಸಿಟ್ಟಿನ ಬೆಲೆಯನ್ನು ಅವರಿಂದ ತೆರಿಸುವ ಹಕ್ಕು ನನಗಿರಲಿಲ್ಲ. ಎರಡು ದಿನ ಕೊಡಿ ಎಂದು ಹೇಳಿ ಮೊಳಕಾಲ್ಮುರಿಗೆ ಹೋದೆ.

ಸಂಘದ ಕೋಣೆಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ದರು. ಇದ್ದದ್ದನ್ನು ಇದ್ದ ಹಾಗೆ ಇಟ್ಟೆ. ಗಂಟೆ ಬಂದರೆ ಆ್ಯಪ್ ಉಳಿಯುತ್ತದೆ, ಬರದಿದ್ದರೆ ಹೋಗುತ್ತದೆ, ನನ್ನ ಕೆಲಸವೂ ಹೋಗುತ್ತದೆ, ಆದರೆ ಅದನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದೆ. ಕಾರ್ಯದರ್ಶಿ ಹೆದರಿದ್ದರು. ದಿನಕ್ಕೆ ಎರಡು ಸಲ ಗಂಟೆ ಬಾರಿಸೋದನ್ನಾದರೂ ಒಪ್ಪಿಕೊಳ್ಳೋಣ, ಪೂರ್ತಿ ಕಳೆದುಕೊಳ್ಳೋದು ಬೇಡ ಎಂದರು. ಕೆಲವರು ತಲೆ ಆಡಿಸಿದರು. ನನ್ನನ್ನು ಬೈದಿದ್ದ ಕೊಂಡ್ಲಹಳ್ಳಿಯ ನೇಕಾರ ಎದ್ದು ನಿಂತ. ಅತಿ ಹೆಚ್ಚು ಕಳೆದುಕೊಳ್ಳುವವನು ಅವನೇ.

“ನನ್ನ ದಿನ ಉಳಿಸಾಕೆ ಬಂದಿದ್ದು ಇದು. ಈಗ ಉಳಿದ ದಿನಾನ ಅದೇ ತಿನ್ನಾದಾದ್ರೆ ಯಾಕ ಬೇಕು? ಹೋಗ್ಲಿ ಬಿಡ್ರಿ. ಮೊದ್ಲಿನಂಗೆ ಬಸ್ ಹತ್ತೀನಿ. ಬಸ್ಸಿನಾಗೆ ಕೂತಾಗ ನಿದ್ದೆನಾದ್ರೂ ಮಾಡ್ತೀನಿ.”

ಜನ ನಕ್ಕರು. ಆ ಹಸಿರು ಸೀರೆ ನೇಯ್ದ ಅಕ್ಕ ನಗಲಿಲ್ಲ. “ಎರಡು ಗಂಟೆ ಅಂತ ಇವತ್ತು ಒಪ್ಪಿದ್ರೆ ಯುಗಾದಿ ಹೊತ್ತಿಗೆ ಎಂಟು ಆಗ್ತೈತೆ. ನನ್ ಕೈ ಒಂದ್ಸಲ ತಪ್ಪಿತು. ಇನ್ನೊಂದ್ಸಲ ಬ್ಯಾಡ,” ಎಂದರು. ಆ್ಯಪ್ ಹೋದರೂ ಸರಿ, ಗಂಟೆ ಬೇಡ ಎಂದೇ ತೀರ್ಮಾನವಾಯಿತು. ಕಾರ್ಯದರ್ಶಿ ಮಾತ್ರ ಕೊನೆಯವರೆಗೆ ಗೋಡೆ ನೋಡುತ್ತಾ ಕೂತಿದ್ದು, ಎಲ್ಲ ಎದ್ದ ಮೇಲೆ ನನ್ನ ಹತ್ತಿರ ಬಂದರು. “ಏಳು ಗಂಟೆ ಸುದ್ದಿ ನಾನೇ ಹೆಂಗಾದ್ರೂ ಕಳಿಸ್ತೀನಿ. ಅಭ್ಯಾಸ ಆಗೈತೆ,” ಎಂದರು.

ಮರುದಿನ ವರದಿ ಬರೆದೆ. ಎರಡು ತಿಂಗಳ ಅಂಕಿಗಳನ್ನು ಇದ್ದ ಹಾಗೆಯೇ ಹಾಕಿದೆ. ಕಾರಣ ಎಂಬ ಜಾಗದಲ್ಲಿ ಹೀಗೆ ಬರೆದೆ: ತಾಂತ್ರಿಕ ದೋಷ ಇಲ್ಲ. ರಿಮೈಂಡರ್‌ಗಳು ನೇಕಾರರ ಎಣಿಕೆ ತಪ್ಪಿಸುತ್ತಿದ್ದುದರಿಂದ ನಾನೇ ತೆಗೆದಿದ್ದೇನೆ. ಅಂಕಿ ಕಡಿಮೆಯಾಗಲಿ ಎಂದೇ ಮಾಡಿದ ಕೆಲಸ. ಮತ್ತೆ ಹಾಕುವುದಿಲ್ಲ. ಕೆಳಗೆ ಪೂರ್ತಿ ಹೆಸರು ಬರೆದು ಕಳಿಸಿದೆ.

ಯೋಜನಾ ಮುಖ್ಯಸ್ಥರು ಫೋನು ಮಾಡಿ ಹೆಸರನ್ನಾದರೂ ತೆಗೆಯಿರಿ ಎಂದರು. ತೆಗೆಯಲಿಲ್ಲ. ತಿಂಗಳ ಕೊನೆಗೆ ಅವರ ಸರ್ವರ್‌ನಲ್ಲಿ ಆ್ಯಪ್ ನಿಂತಿತು, ನನ್ನ ಗುತ್ತಿಗೆಯೂ ನಿಂತಿತು. ಮರುದಿನ ಬೆಳಿಗ್ಗೆ ಆರು ಮುಕ್ಕಾಲಿಗೆ ಕಾರ್ಯದರ್ಶಿ ನೇಕಾರರನ್ನು ಸೇರಿಸಿ ಮಾಡಿದ ಗುಂಪಿನಲ್ಲಿ ಎಲ್ಲರ ಫೋನಿಗೆ ಒಂದು ಸಾದಾ ಸಂದೇಶ ಹೋಯಿತು. “ನೂಲು ಇಲ್ಲ. ಬರಬೇಡಿ.” ಗುಂಪಿನಲ್ಲಿ ಬೇರೆ ಯಾರೂ ಬರೆಯಲು ಆಗದಂತೆ, ಯಾರ ಫೋನೂ ಸದ್ದು ಮಾಡದಂತೆ ಹೊಂದಿಸಿಕೊಡಲು ನಾನೇ ಹೋಗಿ ಮನೆ ಮನೆ ತಿರುಗಿದೆ.

ನಾಲ್ಕನೇ ದಿನ ಹಸಿರು ಸೀರೆಯ ಅಕ್ಕನ ಮನೆಗೆ ಹೋದೆ, ಅವರ ಫೋನು ಮಾತ್ರ ಬಾಕಿ ಇತ್ತು. ಆ್ಯಪ್ ನಿಂತು ನಾಲ್ಕು ದಿನವಾಯಿತು ಅಕ್ಕ ಎಂದೆ.

“ಹೌದಾ? ನಂಗೆ ಗೊತ್ತೇ ಆಗ್ಲಿಲ್ಲ ನೋಡು. ಮನೇಲಿ ನೂಲೈತೆ, ಫೋನು ತೆಗ್ದೇ ಇಲ್ಲ,” ಎಂದರು.

ಒಂದು ವರ್ಷ ಕಟ್ಟಿದ ವಸ್ತು ಹೋದದ್ದು ಯಾರಿಗೆ ಬೇಕೋ ಅವರಿಗೇ ಗೊತ್ತಾಗಿರಲಿಲ್ಲ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಹೆಮ್ಮೆಯೂ ಆಯಿತು. ಅವರು ಕೊಟ್ಟ ಕಾಫಿ ಕುಡಿದು ಎದ್ದೆ.

ವಾಪಸ್ಸು ಬರುವ ಬಸ್ಸಿನಲ್ಲಿ ಬೆಂಗಳೂರಿನಿಂದ ನನ್ನ ಅನುಭವ ಪತ್ರ ಬಂತು. ಹೊಸ ಕೆಲಸಕ್ಕೆ ಅದು ಬೇಕೇ ಬೇಕು. ಚೆನ್ನಾಗಿ ಹೊಗಳಿ ಬರೆದಿದ್ದರು. ಕೊನೆಯಲ್ಲಿ, ತಾಂತ್ರಿಕ ದೋಷದಿಂದಾಗಿ ಯೋಜನೆಯನ್ನು ಮುಚ್ಚಲಾಯಿತು ಎಂದಿತ್ತು. ಅಲ್ಲೇ ಕೂತು ಉತ್ತರ ಬರೆದೆ: ದೋಷ ಇರಲಿಲ್ಲ, ಗಂಟೆಗಳನ್ನು ನಾನು ಕಿತ್ತೆ, ಹಾಗೆಂದೇ ತಿದ್ದಿ ಕಳಿಸಿ, ಇಲ್ಲದಿದ್ದರೆ ಈ ಪತ್ರ ನನಗೆ ಬೇಡ.

ತಿದ್ದಿದ ಪತ್ರ ಇನ್ನೂ ಬಂದಿಲ್ಲ. ಅದಿಲ್ಲದೆಯೇ ಅರ್ಜಿ ಹಾಕುತ್ತಿದ್ದೇನೆ. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆಲ್ಲ ಇದನ್ನೇ ಹೇಳುತ್ತೇನೆ.